ಮುಸ್ತಿಯ ಗಂಟೆ

ಸುಳ್ಳು ಕಟ್ಟುವಷ್ಟು ತ್ರಾಣ ಈಗ ನನಗಿಲ್ಲ. ಮಿಷಿಗನ್ನಿನ ನಮ್ಮ ಕಾಡುಕೋಳಿ ಬೇಟೆಯಲ್ಲಿ ನಾಯಿಯ ಕೊರಳಿಗೆ ಗಂಟೆ ಕಟ್ಟುತ್ತೇವೆ. ಸದ್ದು ನಿಂತರೆ ನಾಯಿ ಅಡಗಿದ ಹಕ್ಕಿಯೆದುರು ನಿಂತಿದೆಯೆಂದು ಅರ್ಥ. ಆಗ ಹಿಂದಿರುವ ನಾಯಿಯೂ ಅಲ್ಲಾಡದೆ ನಿಲ್ಲಬೇಕು. ಅದು ಮುಂದಿನ ನಾಯಿಗೆ ಕೊಡುವ ಮರ್ಯಾದೆ.

ಆ ಸಂಜೆ ನಾನೂ ಗೆಳೆಯ ಅರ್ವೊನೂ ಅಲೆದು ಸೋತಿದ್ದೆವು. ನನ್ನ ನಾಯಿ ಜೂನಿಯೂ ದಣಿದಿತ್ತು. ಅದರ ಗಂಟೆ ಬಿಚ್ಚಿ ಜೇಬಿಗೆ ಹಾಕಿದ್ದೆ. ಅರ್ವೊನ ನಾಯಿ ಮುಸ್ತಿ ಹೋದ ವರ್ಷವೇ ಸತ್ತಿತ್ತು. ಗಂಟೆಯ ಸಮೇತ ಹೂತಿದ್ದೆವು.

ಮುಂದಿನ ಪೊದೆಯಲ್ಲಿ ಗಂಟೆ ಕಿಣಿಕಿಣಿ ಎಂದು ನಿಂತಿತು. ಜೂನಿ ಮುಂಗಾಲೆತ್ತಿ ಕಲ್ಲಾಯಿತು.

"ಯಾರ್ ನಾಯಿನೋ ಅದು?" ಎಂದೆ.

"ಹೋಗಿ ಹೊಡಿಯೋ ಮಾರಾಯ," ಎಂದ ಅರ್ವೊ ಬಳಲಿದ ದನಿಯಲ್ಲಿ. "ಎಷ್ಟೊತ್ತು ಕಾಯಿಸ್ತೀಯ ಅದನ್ನ?"

ಹೋದೆ. ಅಲ್ಲಿ ನಾಯಿ ಇರಲಿಲ್ಲ. ಎದ್ದ ಹಕ್ಕಿಗೆ ಹೊಡೆದೆ, ದೂರ ಬಿತ್ತು. ಎಷ್ಟು ಗದರಿದರೂ ಜೂನಿ ತರಲು ಹೋಗಲಿಲ್ಲ. ಹುಡುಕಲು ಕಾಲಿನಲ್ಲಿ ಬಲವಿಲ್ಲದೆ ಹಿಂತಿರುಗಿದೆವು.

ಗಾಡಿಯ ಬಳಿ, ಮುಸ್ತಿ ಯಾವಾಗಲೂ ತಂದಿಡುತ್ತಿದ್ದಲ್ಲೇ ಆ ಹಕ್ಕಿ ಬಿದ್ದಿತ್ತು. ಮೈ ಬೆಚ್ಚಗಿತ್ತು, ಪುಕ್ಕ ಜೊಲ್ಲಿನಿಂದ ಒದ್ದೆ.

ಜೂನಿ ಹಿಂದಿನ ಸೀಟಿಗೆ ಹತ್ತಿದ ಮೇಲೂ ಅರ್ವೊ ಬಾಗಿಲು ಹಿಡಿದೇ ನಿಂತಿದ್ದ. ಒಳಗೆ ಜೂನಿ ಮೂಲೆಗೆ ಸರಿದು ಜಾಗ ಬಿಟ್ಟಿತು.