ಒದ್ದೆ ಅಂಗಿ

"ಸತ್ತ ಅಣ್ಣನ ಅಂಗಿ ದಿನಾ ಬೆಳಿಗ್ಗೆ ಹಿತ್ತಲ ತಂತಿ ಮೇಲೆ ಒದ್ದೆಯಾಗಿ ನೇತಾಡ್ತಿರುತ್ತೆ," ಎಂದಳು ಬಂದ ಹೆಂಗಸು. "ಮನೇಲಿರೋದು ಅಪ್ಪ, ಅಮ್ಮ, ನಾನು. ಹಿತ್ತಲಿಗೆ ಹೊರಗಿಂದ ದಾರಿನೇ ಇಲ್ಲ. ತಾನೇ ಒಗೆದು ಮರೆತಿದ್ದು ಅಂತಾರೆ ಅಪ್ಪ. ಮರೆವಿನ ಕಾಯಿಲೆಯಾದ್ರೆ ಅವರನ್ನ ಆರೈಕೆ ಮನೆಗೆ ಸೇರಿಸ್ಬೇಕು ಅಂದಿದ್ದೆ. ನಿನ್ನೆ ಇಲ್ಲಿ ತೆಗೆದ ಅಪ್ಪನ ಮಿದುಳಿನ ಅಲೆಗಳಲ್ಲಿ ನೋಡಿದ್ರೆ ಏನೂ ಇಲ್ವಂತೆ!"

ಮಿದುಳಿನ ಅಲೆಗಳನ್ನು ದಾಖಲಿಸುವ ತಂತ್ರಜ್ಞೆಗೆ ಮೈ ಜುಮ್ಮೆಂದಿತು. ಪಕ್ಕದಲ್ಲಿದ್ದ ಮೂಗುಮಾವ ಮಾತ್ರ ನೆಟ್ಟಗೆ ಕುಳಿತ. ಕಂಡವರ ಕಷ್ಟಕ್ಕೆಲ್ಲ ಮೂಗು ತೂರಿಸಿ ಕಳ್ಳರನ್ನು ಪತ್ತೆ ಹಚ್ಚುವ ತನ್ನ ಮಾವನಿಗೆ ತಂತ್ರಜ್ಞೆಯೇ ಇಟ್ಟ ಹೆಸರದು.

"ನಿನ್ನೆ ಏನಾಯ್ತು? ಒಂದೂ ಬಿಡದೆ ಹೇಳು."

ತಂತ್ರಜ್ಞೆ ಹೇಳಿದಳು. ತಂತಿಗಳ ಟೋಪಿ ತೊಡಿಸುವಾಗ ಮುದುಕನ ಕೈಗಳು ಭುಜದಿಂದ ಮೇಲೇಳಲಿಲ್ಲ. ಗಲ್ಲದ ಪಟ್ಟಿಯನ್ನು ಹೆಂಡತಿಯೇ ಬಿಗಿದಳು. ಕಣ್ಣು ಮುಚ್ಚಿದೊಡನೆ ಅಲೆಗಳು ಲಯ ಹಿಡಿದವು, ತೆರೆದೊಡನೆ ಚದುರಿದವು, ಎಲ್ಲ ಸರಿಯಾಗಿಯೇ ಇತ್ತು. ಆದರೆ ನೆನಪು ಪರೀಕ್ಷಿಸಲು ವೈದ್ಯೆ ಕೇಳಿದ ಒಂದು ಪ್ರಶ್ನೆಗೂ ಮುದುಕನಿಂದ ಸರಿಯುತ್ತರ ಬರಲಿಲ್ಲ. ಹೆಂಡತಿಯನ್ನು ಏನಾದರೂ ಕೇಳಿದರೆ ಮುದುಕ ನಡುವೆ ಬಾಯಿ ಹಾಕುತ್ತಿದ್ದ.

ಮಧ್ಯಾಹ್ನ ಮಾವ ವೈದ್ಯೆಯೂ ಸೇರಿ ಎಲ್ಲರನ್ನೂ ಅಲೆ ತೆಗೆದ ಅದೇ ಕೋಣೆಗೆ ಕರೆಸಿದ. ಅಮ್ಮ ದೂರದ ಕಿಟಕಿಯ ಬಳಿ ಕುಳಿತು ಹೊರಗೆ ನೋಡುತ್ತಿದ್ದಳು.

"ತಂತಿ ಎಷ್ಟೆತ್ತರ ಇದೆಯಮ್ಮ?"

"ತಲೆಗಿಂತ ಮೇಲೆ," ಎಂದಳು ಮಗಳು.

"ಹಾಗಾದ್ರೆ ಯಜಮಾನ್ರೇ, ಅಂಗಿ ಹಾಕಿದ್ದು ನೀವಲ್ಲ, ನಿಮ್ಮ ಕೈ ಅಲ್ಲಿಗೆ ಹೋಗಲ್ಲ. ನಿಜವಾಗ್ಲೂ ಮರೆತವರು ಅಪ್ಪಿತಪ್ಪಿ ಒಂದಾದ್ರೂ ಸರಿ ಹೇಳ್ತಾರೆ. ನೀವು ಒಂದೂ ಸರಿಯಾಗದ ಹಾಗೆ ನೋಡ್ಕೊಂಡ್ರಿ. ಬಾಯಿ ಸುಳ್ಳಾಡಿತು, ಅಲೆಗಳು ಆಡಲಿಲ್ಲ. ನಿಮ್ಮ ಮಗಳೇ ಒಗೆದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ಲು? ಉಳಿದವರು ಒಬ್ರೇ. ಅವರನ್ನ ಪ್ರಶ್ನೆ ಕೇಳೋಕೂ ನೀವು ಬಿಡಲಿಲ್ಲ. ಅವರ ಬದಲು ನೀವೇ ಆರೈಕೆ ಮನೆಗೆ ಹೊರಟಿದ್ರಿ. ನೀವು ಹೋದ್ಮೇಲೂ ಅಂಗಿ ಒದ್ದೆಯಾದ್ರೆ ಯಾರ ತಲೆಗೆ ಕಟ್ತಿದ್ರಿ?"

ಮುದುಕ ಕಿಟಕಿಯ ಕಡೆ ನೋಡಿದ. "ಮಗ ಹೋಗಿದ್ದು ಅವಳಿಗೆ ಮರೆತುಹೋಗಿದೆ," ಎಂದ ಪಿಸುದನಿಯಲ್ಲಿ. "ಅವನು ಹಾಕ್ಕೋತಾನೆ ಅಂತ ಅಂಗಿ ಒಗೀತಾಳೆ. ಅವನಿಲ್ಲ ಅಂತ ಹೇಳಿದ್ರೆ ದಿನಾ ಹೊಸದಾಗಿ ಅಳ್ತಾಳೆ. ಅದಕ್ಕೇ ಹೇಳೋದು ಬಿಟ್ಟೆ."

ಮಗಳು ಅಪ್ಪನ ಕೈ ಹಿಡಿದುಕೊಂಡಳು. "ಯಾರನ್ನೂ ಎಲ್ಲಿಗೂ ಕಳಿಸಲ್ಲಪ್ಪ."

"ಬರೀ ಅಲೆ ನೋಡಿ ತೀರ್ಮಾನ ಮಾಡೋಕಾಗಲ್ಲ," ಎಂದಳು ವೈದ್ಯೆ. "ಆದ್ರೆ ಅಲ್ಲಿಂದಲೇ ಶುರು ಮಾಡೋಣ."

ಈ ಸಲ ಟೋಪಿ ಅಮ್ಮನ ತಲೆಗೆ ಬಂತು. ತಂತ್ರಜ್ಞೆ ಗಲ್ಲದ ಪಟ್ಟಿ ಬಿಗಿದಳು.

"ಕಣ್ಣು ಮುಚ್ಕೊಳ್ಳಿ, ಅಮ್ಮ."

ಪರದೆಯ ಮೇಲೆ, ಮರೆವಿನ ಕಾಯಿಲೆಯವರಲ್ಲಿ ಕಾಣುವ ಹಾಗೆ, ಅಲೆಗಳು ತೀರ ನಿಧಾನವಾಗಿ ಎದ್ದು ಬಿದ್ದವು. ಅಮ್ಮನ ಮುಖ ಅರಳಿತು.

"ನನ್ನ ಮಗ ಬಂದ," ಎಂದಳು ತಂತ್ರಜ್ಞೆಗೆ ಮೆಲ್ಲಗೆ. "ಬೇಗ ಕಣ್ಣು ತೆಗಿ ಅನ್ಬೇಡ, ಮಗಳೇ."