ಬಲತೋಳಿನ ಮಗು

“ಅಯ್ಯೋ, ಉಳಿ ಹಾಗೆ ಹಿಡಿದ್ರೆ ಬೆರಳೇ ಹೋಗುತ್ತೆ!”

ಜಸಿರಾ ಅವನ ಕೈ ಹಿಡಿದೇಬಿಟ್ಟಳು. ಅವಳ ಬಲಸೊಂಟದಲ್ಲಿ ಪುಟ್ಟ ಬೆಂಟೊ. ಅವಳು ಎಡಚಿ, ಕೆತ್ತುವ ಕೈ ಖಾಲಿ ಇರಲೆಂದು ಮಗನನ್ನು ಸದಾ ಬಲಕ್ಕೇ ಎತ್ತಿಕೊಳ್ಳುವವಳು.

“ಲಾರಿ ರಿಪೇರಿಯ ಕೈ ಇದು, ಮೇಷ್ಟ್ರಮ್ಮ!” ಅಡೆಮಾರ್ ನಕ್ಕ.

ಅಂದಿನಿಂದ ದಿನಾ ಸಂಜೆ ಅವಳ ಅಪ್ಪನ ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಕಾಗದಕ್ಕೆ ಅಚ್ಚೊತ್ತುವ ಅಂಗಡಿಗೆ ಕೆತ್ತನೆ ಕಲಿಯಲು ಬಂದ. ಬೆಂಟೊ ಹುಟ್ಟುವ ಮುಂಚೆಯೇ ಅವನಪ್ಪ ಊರು ಬಿಟ್ಟಿದ್ದ. ‘ಮಗು ಇರೋಳನ್ನ ಯಾರು ಕಟ್ಕೋತಾರೆ?’ ಎಂಬ ಮಾತು ಕೇಳಿ ಕೇಳಿ ಜಸಿರಾಳ ಆಸೆಯೇ ಬತ್ತಿತ್ತು. ಈಗ ಮಾತ್ರ... ಸಂಜೆಯಾದರೆ ಕಣ್ಣು ಬಾಗಿಲ ಕಡೆಗೇ!

ಮಾತೆ ಮರಿಯಳ ಮೇಣದಬತ್ತಿ ಹಬ್ಬವಾದ ಕಾಂಡೇಯಾಸ್‌ಗೆ ಅಡೆಮಾರ್ ತನ್ನ ಮೊದಲ ಹಲಗೆ ಕೆತ್ತಿದ. ಮಾತೆ ಮರಿಯ, ತೋಳಲ್ಲಿ ಬಾಲಯೇಸು.

“ನನ್ನ ಮನಸ್ಸಲ್ಲಿರೋಳನ್ನೇ ಕೆತ್ತಿದೀನಿ,” ಎಂದಿದ್ದ.

ಅವನಿಲ್ಲದಾಗ ಜಸಿರಾ ಬಟ್ಟೆ ಸರಿಸಿ ನೋಡಿದಳು. ಮುಖ ಗುರುತು ಸಿಗುವಂತಿರಲಿಲ್ಲ, ಕಣ್ಣೆರಡೂ ಹುರುಳಿಕಾಳು! ಆದರೆ ಹಲಗೆಯಲ್ಲಿ ಮಗು ತಾಯಿಯ ಬಲತೋಳಲ್ಲಿತ್ತು. ಹಲಗೆಯ ಬಲ ಕಾಗದದ ಮೇಲೆ ಎಡವಾಗುತ್ತದೆ. ಅಚ್ಚಿನವರ ಮಗಳು ಹಲಗೆಯನ್ನು ಮನಸ್ಸಲ್ಲೇ ಎಡಬಲ ತಿರುಗಿಸಿ ಓದುವುದು.

ಎಡತೋಳಲ್ಲಿ ಮಗು... ಅಂದರೆ ತಾನಲ್ಲ, ನಜರೆ! ಬೀದಿ ಮೂಲೆಯಲ್ಲಿ ಮರಗೆಣಸಿನ ತಪಿಯೋಕ ದೋಸೆ ಮಾರುವ ವಿಧವೆ. ಅಡೆಮಾರ್ ದಿನಾ ಅವಳ ಕೂಸನ್ನು ಆಡಿಸುತ್ತಾ ನಿಲ್ಲುವುದನ್ನು ಜಸಿರಾ ಕಂಡಿದ್ದಳು. ಅವಳು ಬಟ್ಟೆಯನ್ನು ಮತ್ತೆ ಎಳೆದು ಮುಚ್ಚಿದಳು. ‘ನಾನೆಂಥ ಪೆದ್ದಿ!’

ಮರುದಿನ ಅವಳು ಮುಖ ತಿರುಗಿಸಿಯೇ ಹೇಳಿದಳು. “ಇನ್ಮೇಲೆ ನಿಮಗೆ ಅಪ್ಪನೇ ಕಲಿಸ್ತಾರೆ. ನಂಗೆ ಪುರುಸೊತ್ತಿಲ್ಲ.”

“ನಾನೇನು ತಪ್ಪು ಮಾಡಿದೆ?”

ಅವಳು ಬೆಂಟೊನನ್ನೆತ್ತಿಕೊಂಡು ಒಳಗೆ ನಡೆದಳು.

ಹಬ್ಬ ಹತ್ತಿರ ಬಂತು. ಅಪ್ಪ ಹಲಗೆಗೆ ಮಸಿ ಬಳಿದು, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಎತ್ತಿದ. ಅಡೆಮಾರ್ ಬೆಪ್ಪಾಗಿ ನಿಂತ.

“ಅಯ್ಯೋ, ಮಗು ಯಾಕೆ ಆ ತೋಳಿಗೆ ಹೋಯ್ತು?”

“ತಿರುಗಿಸಿ ಕೆತ್ತು ಅಂತ ಬಡ್ಕೊಂಡಿರ್ಲಿಲ್ವಾ ಮಾರಾಯಾ?” ಅಪ್ಪ ಹೊಟ್ಟೆ ಹಿಡಿದು ನಕ್ಕ. “ಕಂಡ ಹಾಗೇ ಕೆತ್ತಿಬಿಟ್ಯಾ!”

“ಕಂಡ ಹಾಗೇ ಕೆತ್ತಿದೆ ಯಜಮಾನ್ರೇ...” ಅಡೆಮಾರ್ ಜಸಿರಾಳತ್ತ ತಿರುಗಿದ. “ಈ ಊರಲ್ಲಿ ಬಲಕ್ಕೆ ಮಗು ಎತ್ಕೊಳ್ಳೋಳು ಒಬ್ಬಳೇ. ಅವಳಿಗೆ ಗೊತ್ತಾಗಲಿ ಅಂತಲೇ ಹಾಗೆ ಕೆತ್ತಿದ್ದು.”

ಜಸಿರಾ ಕೆಲಸ ಬಿಟ್ಟು, ಬೆಂಟೊನನ್ನೆತ್ತಿಕೊಂಡು ಎದ್ದುನಿಂತಳು. ಅಪ್ಪ ಕೆಮ್ಮಿ ಒಳಗೆ ನಡೆದ.

“ನಾನು... ನಜರೆ ಅಂದ್ಕೊಂಡೆ.” ಅವಳ ಕಣ್ಣು ತುಂಬಿತ್ತು.

“ಅವಳ ಹತ್ರ ಮಗು ಎತ್ಕೊಳ್ಳೋದು ಕಲೀತಿದ್ದೆ. ಬೆಂಟೊನ ಬೀಳಿಸಿದ್ರೆ ನೀವು ಮತ್ತೆ ನನ್ನ ಮುಖ ನೋಡ್ತಿದ್ರಾ?”

ಜಸಿರಾ ಅಳುತ್ತಲೇ ನಕ್ಕಳು. ಸೊಂಟದಿಂದ ಮಗನನ್ನಿಳಿಸಿ ಅವನತ್ತ ಚಾಚಿದಳು.

“ಯಾವ ಕಡೆ ಎತ್ಕೊಳ್ಳಲಿ?”

“ಯಾವ ಕಡೆಯಾದ್ರೂ ಸರಿ... ಕೈ ಬಿಡ್ಬೇಡಿ ಅಷ್ಟೇ.”

“ಬಿಡಲ್ಲ,” ಎಂದ ಅಡೆಮಾರ್, ಮಗುವನ್ನು ಎದೆಗೊತ್ತಿಕೊಂಡು. “ಇಬ್ಬರನ್ನೂ.”