ಸೀತಮ್ಮ ಕಾಣೆಯಾದ ಬೆಳಿಗ್ಗೆ

"ನಿಮ್ಮ ಹುಡುಗಿ ಬ್ಯಾಗ್ ತೆಗೆದು ತೋರಿಸಲಿ. ಇಲ್ಲಾಂದ್ರೆ ಪೊಲೀಸರನ್ನ ಕರೀತೀನಂಡಿ," ಎಂದು ದುರ್ಗಾಪ್ರಸಾದ್ ಜಗುಲಿಯ ಮೇಲೆ ನಿಂತು ಹೇಳಿದ. ಹುಡುಗಿ ಎಂದರೆ ನನ್ನ ಮಗಳು ಅಖಿಲಾ. ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವಳ ಹೆಸರಿನಲ್ಲಿ ಒಂದು ಪೊಲೀಸ್ ದೂರು ದಾಖಲಾದರೆ ಸಾಕು, ಆ ಕೆಲಸ ಹೋದಂತೆಯೇ.

ಕಾರ್ಖಾನೆಯ ಟೌನ್‌ಶಿಪ್ಪಿನ ಒಂದೇ ಥರದ ಮನೆಗಳನ್ನು ನೋಡಿ ನೋಡಿ ಬೇಜಾರಾಗಿ, ಭೀಮುನಿಪಟ್ಟಣದಾಚೆಯ ಈ ಪುಟ್ಟ ಹಳ್ಳಿಗೆ ಬಂದಿದ್ದೆವು. ನಾನು, ಅಖಿಲಾ ಮತ್ತು ನನ್ನ ಗಂಡನ ಅಕ್ಕ ಹರಿಣಾಕ್ಷಿ. ಹಗಲೆಲ್ಲ ಕೆಂಪುಮಣ್ಣಿನ ದಿಬ್ಬಗಳಲ್ಲಿ ತಿರುಗಾಡಿ, ಸಂಜೆ ದುರ್ಗಾಪ್ರಸಾದನ ಹೋಂಸ್ಟೇ ಅಂಗಳದಲ್ಲಿ ತೊಗಲುಗೊಂಬೆ ಆಟ ನೋಡಿದೆವು. ಗೊಂಬೆ ಆಡಿಸಿದವರು ಅವನ ತಾಯಿ ಸೂರ್ಯಕಾಂತಮ್ಮ. ಎಣ್ಣೆದೀಪದ ಬೆಳಕು, ಸೀತೆಯ ಮಾತಿಗೆಲ್ಲ ಅವರದೇ ಕಂಠ. ಆಟ ಮುಗಿದ ಮೇಲೆ ಆ ಹಳೆಯ ಸೀತೆಯನ್ನು ಅಖಿಲಾಳ ಕೈಗೆ ಕೊಟ್ಟು ತೆಲುಗಿನಲ್ಲಿ ಹೇಳಿದ್ದರು: "ಇವಳು ನಮ್ಮನೆ ಹಿರೀ ಮಗಳಮ್ಮಾ. ಗೊಂಬೆ ಕೆಟ್ಟುಹೋದ್ರೆ ನಾವು ಬಿಸಾಡಲ್ಲ. ಮನುಷ್ಯರು ಸತ್ತರೆ ಮಾಡೋದನ್ನೆಲ್ಲ ಮಾಡಿ ಹೊಳೆಗೆ ಬಿಡ್ತೀವಿ."

ಬೆಳಿಗ್ಗೆ ನೋಡಿದರೆ ಗೊಂಬೆಗಳ ಪೆಟ್ಟಿಗೆಯಲ್ಲಿ ಸೀತೆ ಇಲ್ಲ. ಪೆಟ್ಟಿಗೆಗೆ ಬೀಗವಿರಲಿಲ್ಲ, ನಾವು ಮಲಗಿದ್ದು ಪಕ್ಕದ ಕೋಣೆಯಲ್ಲೇ.

"ಮುಂದಿನ ವಾರ ವಿಜಯವಾಡದ ಪ್ರದರ್ಶನಕ್ಕೆ ಹೋಗಬೇಕಾಗಿದ್ದ ಗೊಂಬೆ ಅದು," ಎಂದ ದುರ್ಗಾಪ್ರಸಾದ್. "ಕೊನೇಲಿ ಮುಟ್ಟಿದ್ದು ಈ ಹುಡುಗೀನೇ."

"ಅಮ್ಮಾ, ನಾನು ತಗೊಂಡಿಲ್ಲ," ಎಂದಳು ಅಖಿಲಾ. ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದಳು.

ಟೌನ್‌ಶಿಪ್ಪಿನಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಜನ ಮೊದಲು ಬರುವುದು ನನ್ನ ಅತ್ತಿಗೆ ಹರಿಣಾಕ್ಷಿಯ ಬಾಗಿಲಿಗೆ. ಅಂಥವರು ಈಗ ತಟ್ಟೆಯಲ್ಲಿದ್ದ ಇಡ್ಲಿಯನ್ನೇ ನೋಡುತ್ತಾ, "ಈ ತಿಂಡಿ ಎಲ್ಲಿಂದ ಬಂತಪ್ಪಾ?" ಎಂದು ಕೇಳಿದರು.

"ಪಕ್ಕದ ಮನೆಯಿಂದ. ಅಮ್ಮ ಇವತ್ತು ಒಲೆ ಹಚ್ಚಲಿಲ್ಲ, ಮೈಗೆ ಹುಷಾರಿಲ್ಲವೇನೋ," ಎಂದ ಅವನು. ಅವನ ಕೈಯಲ್ಲೂ ಅದೇ ಇಡ್ಲಿ.

ನನಗೆ ಸಿಟ್ಟು ನೆತ್ತಿಗೇರಿತು. "ಮಗಳ ಮಾನ ಹೋಗ್ತಿದೆ, ನಿಮಗೆ ಇಡ್ಲಿ ಚಿಂತೆ," ಎಂದೆ.

"ಸ್ವಲ್ಪ ಸುಮ್ಮನಿರು ಮಧುರಾ," ಎಂದು ಅವರು ಎದ್ದು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಸೂರ್ಯಕಾಂತಮ್ಮ ಗೋಡೆಗೊರಗಿ ಕುಳಿತಿದ್ದರು, ತಲೆಗೂದಲು ಒದ್ದೆ. ಮಾತಾಡಿಸಿದರೆ ಉತ್ತರವಿಲ್ಲ. ಹಿತ್ತಿಲಲ್ಲಿ ಒಣಹಾಕಿದ್ದ ಅವರ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ದುರ್ಗಾಪ್ರಸಾದನ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ದೊಡ್ಡದೊಂದು ಫೋಕಸ್ ಲೈಟ್ ಇತ್ತು. ಅದರ ಗಾಜಿಗೆ ಕೆಂಪಗೆ ಏನೋ ಅಂಟಿ ಕರಕಲಾಗಿತ್ತು. ಅತ್ತಿಗೆ ಅದನ್ನು ಉಗುರಿನಿಂದ ಕೆರೆದು ಮೂಸಿ ನೋಡಿದರು.

ಆಮೇಲೆ ಎಲ್ಲರನ್ನೂ ಜಗುಲಿಗೆ ಕರೆದರು. ಸೂರ್ಯಕಾಂತಮ್ಮನೂ ಬಂದು ಕಂಬದ ಪಕ್ಕ ಕುಳಿತರು.

"ಇಲ್ಲಿ ಕಳ್ಳತನ ಆಗಿಲ್ಲ," ಎಂದು ಅತ್ತಿಗೆ ಶುರುಮಾಡಿದರು. "ತಲೆಸ್ನಾನ ಆಗಿದೆ, ಒಲೆ ಹಚ್ಚಿಲ್ಲ, ಮನೆಯ ಹಿರಿಯರು ಬಾಯಿಬಿಡ್ತಿಲ್ಲ. ಇದು ಮೈ ಹುಷಾರಿಲ್ಲದ ಮನೆಯಲ್ಲ, ಸೂತಕದ ಮನೆ. ಆದರೆ ಮನುಷ್ಯರು ಯಾರೂ ಸತ್ತಿಲ್ಲ. ಇನ್ನು ಯಾರಿಗೆ ಸೂತಕ ಹಿಡೀತಾರೆ ಅಂತ ಸೂರ್ಯಕಾಂತಮ್ಮನೇ ನಿನ್ನೆ ಹೇಳಿದ್ರು. ಗೊಂಬೆ ಕೆಟ್ಟಿದೆ. ಬೆಳಗಿನ ಜಾವ ಇವರೇ ಅದನ್ನ ಹೊಳೆಗೆ ಬಿಟ್ಟು ಬಂದಿದ್ದಾರೆ."

ದುರ್ಗಾಪ್ರಸಾದನ ಮುಖ ಕಪ್ಪಿಟ್ಟಿತು.

"ಕೆಡಿಸಿದ್ದು ಯಾರು? ಅಖಿಲಾ ಹಿಡಿದಾಗ ಇದ್ದದ್ದು ಎಣ್ಣೆದೀಪ, ಅದೂ ದೂರದಲ್ಲಿ. ನಿನ್ನ ಫೋಕಸ್ ಲೈಟಿಗೆ ಸುಟ್ಟ ತೊಗಲು ಅಂಟಿದೆಯಪ್ಪಾ. ನಾವು ಮಲಗಿದ ಮೇಲೆ ವಿಜಯವಾಡದವರಿಗೆ ಕಳಿಸೋಕೆ ವಿಡಿಯೊ ತೆಗೆದೆ, ಅಲ್ವಾ? ಸುಟ್ಟ ಗೊಂಬೆಯನ್ನ ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟೆ. ಬೆಳಿಗ್ಗೆ ಅದು ಇರಲಿಲ್ಲ. ಯಾರು ತೆಗೆದರು ಅಂತ ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಸೂತಕದ ದಿನ ಸ್ನಾನ ಮಾಡದೆ ಇಡ್ಲಿ ತಿಂತಿರಲಿಲ್ಲ. ಕಳ್ಳತನ ಅಂದ್ರೆ ನಿನ್ನ ತಪ್ಪು ಮುಚ್ಚಿಹೋಗುತ್ತೆ ಅಂತ ಈ ಹುಡುಗಿ ಮೇಲೆ ಹಾಕಿದೆ."

ಅವನು ತಾಯಿಯ ಕಡೆ ನೋಡಿದ. "ಅಮ್ಮಾ, ನಿನಗೆ ಗೊತ್ತಿತ್ತಾ?"

ಸೂರ್ಯಕಾಂತಮ್ಮ ಅವನನ್ನು ದಾಟಿ ಬಂದರು. ಅಖಿಲಾಳ ಕೈ ಹಿಡಿದುಕೊಂಡರು. ಹಿಂದಿನ ಸಂಜೆ ಅಂಗಳ ತುಂಬಿದ್ದ ಆ ಕಂಠ ಈಗ ಒಡೆದಿತ್ತು.

"ಸೀತಮ್ಮ ಬೆಂಕಿಗೆ ಇಳಿಯೋ ಮುಂಚೆ ಆಡೋ ಮಾತನ್ನ ಜೀವಮಾನವೆಲ್ಲ ನಾನೇ ಆಡಿದೀನಮ್ಮಾ. ಕಣ್ಣೆದುರಿಗೇ ನಿನ್ನ ಮೇಲೆ ಅಪವಾದ ಬಂದಾಗ ನನಗೆ ಬಾಯಿ ಬರಲಿಲ್ಲ. ಅವನೇ ಒಪ್ಕೊಳ್ಳಲಿ ಅಂತ ಕಾದೆ. ಹೆತ್ತ ಹೊಟ್ಟೆ ಅಡ್ಡ ಬಂತು."

ಆಮೇಲೆ ಮಗನ ಕಡೆ ತಿರುಗಿದರು.

"ಮೊದಲು ಈ ಮಗುವಿನ ಹತ್ತಿರ ತಪ್ಪಾಯ್ತು ಅನ್ನು. ಆಮೇಲೆ ಬಾವಿಗೆ ಹೋಗಿ ತಲೆಗೆ ನೀರು ಹಾಕ್ಕೊಂಡು ಬಾ. ಸತ್ತಿರೋದು ನಿನ್ನ ಅಕ್ಕ."

ಅವನು ಅಖಿಲಾಳ ಮುಂದೆ ಕೈಮುಗಿದು, ಅಳುತ್ತಲೇ ಬಾವಿಯ ಕಡೆ ಹೋದ. ಅಖಿಲಾ ಬ್ಯಾಗನ್ನು ಕೆಳಗಿಟ್ಟು ಆ ಮುದುಕಿಯ ಪಕ್ಕದಲ್ಲೇ ಕುಳಿತಳು. ಬಾವಿಯಿಂದ ನೀರು ಸೇದುವ ಸದ್ದು ಕೇಳುತ್ತಿತ್ತು. ಅತ್ತಿಗೆ ತಮ್ಮ ತಟ್ಟೆಯ ಇಡ್ಲಿಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದರು.